ಹೆರೆರೊ ಹೆಂಗಸರ ಉಡುಗೆ: ಒಂದೂವರೆ ಶತಮಾನದ ಲೆಕ್ಕ

2025ರ ಮೇ 28ರಂದು ನಮೀಬಿಯಾ ಮೊದಲ ಬಾರಿಗೆ ನರಮೇಧ ಸ್ಮರಣೆಯ ದಿನವನ್ನು ಆಚರಿಸಿತು. ನೆನೆದದ್ದು 1904ರಿಂದ 1908ರವರೆಗೆ ಜರ್ಮನ್ ಆಳ್ವಿಕೆಯಲ್ಲಿ ನಡೆದ ಹೆರೆರೊ, ನಾಮಾ ಜನರ ಮಾರಣಹೋಮವನ್ನು. ಸರ್ಕಾರಿ ಕ್ಯಾಲೆಂಡರಿನಲ್ಲಿ ಅದಕ್ಕೊಂದು ದಿನ ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಷ್ಟೂ ಕಾಲ ಆ ನೆನಪು ಅಳಿಯದಂತೆ ನೋಡಿಕೊಂಡವರಲ್ಲಿ ಹೆರೆರೊ ಹೆಂಗಸರೂ ಇದ್ದಾರೆ. ಅವರು ಅದನ್ನು ಮೈಮೇಲೆ ತೊಟ್ಟೇ ಉಳಿಸಿಕೊಂಡರು. ಆ ಉಡುಗೆ ನಡೆದುಬಂದ ದಾರಿಯನ್ನು ತಿರುಗಿ ನೋಡಲು ಇದು ತಕ್ಕ ಸಮಯ.

ಹೆರೆರೊಗಳು ದನಗಾಹಿ ಜನ. ಹಿಂದೆ ಅವರ ಹೆಂಗಸರದು ತೊಗಲಿನ ಉಡುಪು. ಮದುವೆಯಾದವರ ತಲೆಗೆ ಮೂರು ಮೊನೆಯ ‘ಎಕೋರಿ’ ಎಂಬ ತೊಗಲಿನ ಟೋಪಿ. ಅವರ ಬಳಗದವರೇ ಆದ ಹಿಂಬಾ ಹೆಂಗಸರು ಇಂದಿಗೂ ತೊಗಲು ಉಡುತ್ತಾರೆ. 1840ರ ದಶಕದಲ್ಲಿ ಜರ್ಮನಿಯ ರೇನಿಷ್ ಮಿಷನ್ ಬಂದು ನೆಲೆಯೂರಿತು. ಕತ್ತಿನಿಂದ ಪಾದದವರೆಗೆ ಮೈ ಮುಚ್ಚುವುದೇ ಮರ್ಯಾದೆ ಎಂಬ ಪಾಠ ಚರ್ಚಿನ ಜೊತೆಗೇ ಬಂತು. ಮಿಷನರಿಗಳ ಮಡದಿಯರು ಸೂಜಿ ದಾರ ಹಿಡಿಯುವುದನ್ನು ಕಲಿಸಿದರು. ಇಂದಿನ ‘ಒಹೊರೊಕೋವಾ’ ನಿಲುವಂಗಿಯ ಮೂಲ ಆ ವಿಕ್ಟೋರಿಯಾ ಕಾಲದ ಯುರೋಪಿಯನ್ ಗೌನು.

1884ರಲ್ಲಿ ಆ ನೆಲ ಜರ್ಮನಿಯ ವಸಾಹತಾಯಿತು. ಜಮೀನು, ದನ ಒಂದೊಂದಾಗಿ ಕೈತಪ್ಪುತ್ತಿರಲು 1904ರ ಜನವರಿಯಲ್ಲಿ ಹೆರೆರೊಗಳು ದಂಗೆಯೆದ್ದರು. ಆಗಸ್ಟ್‌ನಲ್ಲಿ ವಾಟರ್‌ಬರ್ಗ್‌ನ ಕಾಳಗದ ನಂತರ ಜರ್ಮನ್ ಸೇನೆ ಅವರನ್ನು ಒಮಹೆಕೆ ಮರಳುಗಾಡಿಗೆ ಅಟ್ಟಿ, ನೀರಿನ ತಾಣಗಳಿಗೆ ಕಾವಲು ಹಾಕಿತು. ಅಕ್ಟೋಬರ್ 2ರಂದು ಜನರಲ್ ಲೋಥರ್ ಫಾನ್ ಟ್ರೋಥಾ ನಿರ್ನಾಮದ ಆದೇಶವನ್ನೇ ಹೊರಡಿಸಿದ. ಸುಮಾರು 80,000 ಇದ್ದ ಹೆರೆರೊಗಳಲ್ಲಿ ಉಳಿದವರು 15,000ದಷ್ಟು ಎಂಬುದು ಬಳಕೆಯಲ್ಲಿರುವ ಅಂದಾಜು. ನೆರೆಯ ನಾಮಾ ಜನರದೂ ಇದೇ ಗತಿ. ಸೆರೆಶಿಬಿರಗಳಲ್ಲಿ ತಮ್ಮವರದೇ ತಲೆಬುರುಡೆಗಳನ್ನು ಗಾಜಿನ ಚೂರಿನಿಂದ ಕೆರೆದು ಶುಚಿ ಮಾಡುವ ಕೆಲಸಕ್ಕೆ ಹೆಂಗಸರನ್ನು ಹಚ್ಚಲಾಯಿತು. ಆ ಬುರುಡೆಗಳು ‘ಸಂಶೋಧನೆ’ಗೆಂದು ಜರ್ಮನಿಗೆ ಹೋದವು.

1907ರ ಕಟ್ಟಳೆಗಳು ಗವರ್ನರನ ಅಪ್ಪಣೆಯಿಲ್ಲದೆ ಆಫ್ರಿಕನ್ನರು ಭೂಮಿ, ದನ ಹೊಂದುವುದನ್ನೇ ನಿಷೇಧಿಸಿದವು. ಕೊಟ್ಟಿಗೆಯ ದನವೇ ಕುಲದ ಹಿರಿಮೆಯಾಗಿದ್ದವರಿಗೆ ಇದಕ್ಕಿಂತ ದೊಡ್ಡ ಹೊಡೆತವಿಲ್ಲ. ಮುಂದೆ ಅದೇ ಜನರ ಹೆಂಗಸರ ಮುಂಡಾಸು ಎರಡೂ ಕಡೆಗೆ ಚಾಚುತ್ತ, ಅಗಲವಾಗುತ್ತ, ದನದ ಕೊಂಬಿನ ಆಕಾರ ತಳೆಯಿತು. ಅದೇ ಇಂದಿನ ‘ಒಚಿಕೈವಾ’. ಮಿಷನ್ ಕೊಟ್ಟ ಗೌನಿನಲ್ಲಿ ಈ ಕೊಂಬು ಇರಲಿಲ್ಲ. ಅದು ಹೆರೆರೊ ಹೆಂಗಸರದೇ ಸೃಷ್ಟಿ.

ಈ ಉಡುಗೆಯ ಸೊಬಗು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕತ್ತಿನವರೆಗೂ ಮುಚ್ಚಿದ ಬಿಗಿಯಾದ ರವಿಕೆ ಭಾಗ, ಭುಜದಲ್ಲಿ ಉಬ್ಬಿ ಮಣಿಕಟ್ಟಿಗೆ ಇಳಿಯುವ ತೋಳು, ಎದೆಯ ಕೆಳಗಿನಿಂದಲೇ ಶುರುವಾಗಿ ನೆಲ ಸವರುವ ನೆರಿಗೆ. ಒಂದು ನಿಲುವಂಗಿಗೆ ಹತ್ತು ಮೀಟರಿನಷ್ಟು ಬಟ್ಟೆ ಹಿಡಿಯುವುದುಂಟು. ಒಳಗೆ ಒಂದರ ಮೇಲೊಂದು ಒಳಲಂಗ. ಕೊಂಬು ಬಾಗದಿರಲೆಂದು ಮುಂಡಾಸಿನೊಳಗೆ ಸುತ್ತಿದ ದಿನಪತ್ರಿಕೆ ಇಟ್ಟು ಪಿನ್ನು ಚುಚ್ಚುತ್ತಾರೆ. ಇಷ್ಟು ಭಾರ ಹೊತ್ತವಳು ಓಡಲಾರಳು. ಮೆಲ್ಲಗೆ, ಬಳುಕುತ್ತ ಹೆಜ್ಜೆಯಿಡಬೇಕು. ಹಸುವಿನ ಆ ಗಂಭೀರ ನಡಿಗೆಯನ್ನೇ ಹೆರೆರೊಗಳು ಚೆಲುವೆಂದು ಮೆಚ್ಚುತ್ತಾರೆ.

1923ರ ಆಗಸ್ಟ್‌ನಲ್ಲಿ ನಾಯಕ ಸ್ಯಾಮ್ಯುಯೆಲ್ ಮಹರೆರೊ ಅವರ ದೇಹವನ್ನು ದೇಶಾಂತರದಿಂದ ತಂದು ಒಕಹಂಜದಲ್ಲಿ ಹೂಳಿದಂದಿನಿಂದ ಅಲ್ಲಿ ವರ್ಷವರ್ಷವೂ ಸ್ಮರಣೆಯ ಮೆರವಣಿಗೆ ನಡೆದುಬಂದಿದೆ. ಗಂಡಸರು ಸೈನಿಕರಂತೆ ಸಮವಸ್ತ್ರ ತೊಟ್ಟರೆ ಹೆಂಗಸರು ಕೆಂಪು ನಿಲುವಂಗಿ ಉಟ್ಟು ಬರುತ್ತಾರೆ. ಎಂಬಂಡೆರು ಕವಲಿನವರದು ಹಸಿರು, ಒಮರುರುವಿನವರದು ಬಿಳಿ. ದಕ್ಷಿಣ ಆಫ್ರಿಕಾದ ಆಳ್ವಿಕೆ ಮುಗಿದು, 1990ರಲ್ಲಿ ಸ್ವಾತಂತ್ರ್ಯ ಸಿಕ್ಕಿತು, ಮೆರವಣಿಗೆ ಉಳಿಯಿತು.

ಲೆಕ್ಕದಲ್ಲಿ ನಷ್ಟದ ಬಾಬ್ತೂ ಇದೆ. ಬಟ್ಟೆ, ಹೊಲಿಗೆ ಎರಡೂ ದುಬಾರಿ. ಬಿಸಿಲ ನಾಡಿನಲ್ಲಿ ಇಷ್ಟು ಪದರ ದಿನವೂ ಹೊರುವುದು ಸುಲಭವಲ್ಲ. ಪಟ್ಟಣದ ಎಳೆಯರಲ್ಲಿ ಅನೇಕರು ಇದನ್ನು ಮದುವೆ, ಸಾವು, ಸ್ಮರಣೆಗಳಿಗೆ ಮೀಸಲಿಟ್ಟಿದ್ದಾರೆ. ವಿಂಡ್‌ಹುಕ್‌ನ ವಿನ್ಯಾಸಕರು ತೋಳು ಕತ್ತರಿಸಿ, ಅಂಚು ಮೇಲೇರಿಸಿದಾಗ ಹಿರಿಯರು ಮುನಿದದ್ದೂ ಉಂಟು. ಗೌನಿಗೆ ಕೊಂಬು ಸೇರಿಸಿದ ಅಜ್ಜಿಯರ ಮೊಮ್ಮಕ್ಕಳು ತಮ್ಮ ಕಾಲದ ಕತ್ತರಿ ಹಿಡಿದರೆ ಅದು ದ್ರೋಹವಲ್ಲ, ಪರಂಪರೆಯ ಮುಂದುವರಿಕೆ ಎಂಬುದು ನಮ್ಮ ನಂಬಿಕೆ.

2018ರ ಆಗಸ್ಟ್‌ನಲ್ಲಿ ಬರ್ಲಿನ್ನಿನ ಚರ್ಚೊಂದರಲ್ಲಿ ತಲೆಬುರುಡೆಗಳನ್ನು ಹಿಂತಿರುಗಿಸಿದಾಗ ಹೆರೆರೊ ಹೆಂಗಸರು ಇದೇ ಉಡುಗೆಯಲ್ಲಿ ಅಲ್ಲಿದ್ದರು. 2021ರಲ್ಲಿ ಜರ್ಮನಿ ಅಂದಿನ ಮಾರಣಹೋಮ ನರಮೇಧವೆಂದು ಒಪ್ಪಿ, 30 ವರ್ಷಗಳಲ್ಲಿ 110 ಕೋಟಿ ಯೂರೊ ನೆರವು ಘೋಷಿಸಿತು. ಇದು ಪರಿಹಾರವಲ್ಲ, ಮಾತುಕತೆಯಲ್ಲಿ ನಮ್ಮನ್ನು ಸರಿಯಾಗಿ ಸೇರಿಸಿಕೊಳ್ಳಲಿಲ್ಲ ಎಂದು ಹೆರೆರೊ, ನಾಮಾ ಮುಖಂಡರಲ್ಲಿ ಬಹುಮಂದಿ ತಿರಸ್ಕರಿಸಿದರು. ಅವರ ಆಕ್ಷೇಪ ನ್ಯಾಯವಾದದ್ದು. ಈ ಉಡುಗೆಯನ್ನು ಪ್ರವಾಸಿಗರು ಕೊಳ್ಳುವ ಬೊಂಬೆಯಲ್ಲಿ, ಫೋಟೊದಲ್ಲಿ ಮೆಚ್ಚುವುದು ಸುಲಭ. ಅದನ್ನು ತೊಟ್ಟವರು ಏನು ಕೇಳುತ್ತಿದ್ದಾರೆ ಎಂಬುದಕ್ಕೆ ಕಿವಿಗೊಟ್ಟಾಗಲೇ ಆ ಮೆಚ್ಚುಗೆಗೆ ಬೆಲೆ.