ಮಂದಗಾಳಿಗೆ ದೊಡ್ಡ ಪಟವೊಂದೇ ಮದ್ದಲ್ಲ

ಗಾಳಿ ಮಂದವಾದಷ್ಟೂ ಪಟ ದೊಡ್ಡದಿರಬೇಕು, 17 ಚದರ ಮೀಟರಿನದು ಕೊಂಡರೆ ಸಾಕು ಎಂಬುದು, ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಕೈಟ್‌ಸರ್ಫಿಂಗ್ ಆಟದ ಕುರಿತು ಅಚ್ಚಾದ ಲೇಖನವೊಂದರ ವಾದ. ವಿಸ್ತೀರ್ಣ ಹೆಚ್ಚಿದರೆ ಎಳೆತ ಹೆಚ್ಚುತ್ತದೆ ಎಂಬುದು ನಿಜ. ಉಳಿದದ್ದು ಅರೆಸತ್ಯ.

ಮೊದಲನೆಯದು, ತೂಕ. ದೊಡ್ಡ ಪಟ ಭಾರ, ತಿರುಗುವುದೂ ನಿಧಾನ. ಗಾಳಿ ತೀರಾ ಇಳಿದರೆ ನೀರಿಗೆ ಬೀಳುತ್ತದೆ. ಮತ್ತೆ ಏಳಿಸುವುದು ಕಷ್ಟ. ಗಾಳಿ ತುಂಬಿದ ಒಂದೇ ಅಡ್ಡ ಕೊಳವೆಯ ಹಗುರ ಪಟ ಅಂಥ ಗಾಳಿಯಲ್ಲೂ ಮೇಲೆ ನಿಲ್ಲುತ್ತದೆ.

ಎರಡನೆಯದು, ಹಲಗೆ. ಸವಾರನನ್ನು ನೀರಿನಿಂದ ಮೇಲೆತ್ತುವ ಹೈಡ್ರೋಫಾಯಿಲ್ ಹಲಗೆಗೆ ನೀರಿನ ತಡೆ ಕಡಿಮೆ. ಅದಕ್ಕೆ ಎಷ್ಟೋ ಸಣ್ಣ ಪಟ ಸಾಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ನಡೆದ ಕೈಟ್ ಸ್ಪರ್ಧೆಯಲ್ಲಿ ಬಳಸಿದ್ದು ಇಂಥ ಹಲಗೆಗಳನ್ನೇ.

ಮೂರನೆಯದು, ಸ್ಥಳ. ರಾಮೇಶ್ವರದಂಥ ಕಡಲಿನ ಗಾಳಿಯ ಲೆಕ್ಕ ಒಳನಾಡಿಗೆ ಹೊಂದದು. ಸೇಲಂ, ಧರ್ಮಪುರಿಯ ಕನ್ನಡಿಗರು ಬಲ್ಲ ಮೆಟ್ಟೂರು ಜಲಾಶಯವನ್ನೇ ನೋಡಿ. 1934ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಗುಡ್ಡಗಳ ನಡುವಿದೆ. ಗುಡ್ಡ ಸುತ್ತಿ ಬರುವ ಗಾಳಿ ಒಂದೇ ಸಮ ಬೀಸದು. ಎಳೆತವೋ ವೇಗದ ವರ್ಗಕ್ಕೆ ಅನುಗುಣ: 10 ನಾಟ್ ಗಾಳಿ 14ಕ್ಕೇರಿದರೆ ಹೆಚ್ಚುಕಡಿಮೆ ಇಮ್ಮಡಿ. ಆಗ 17 ಚದರ ಮೀಟರಿನ ಪಟ ಹಿಡಿದವರ ಗತಿಯೇನು? ಇನ್ನು ನೀರಿಳಿದಾಗ ಜಲಾಶಯದಲ್ಲಿ ಮುಳುಗಿದ ಗುಡಿಯ ನಂದಿವಿಗ್ರಹ ಕಾಣುವಂಥ ಕಡೆ ಫಾಯಿಲ್‌ನ ನೀರಿನೊಳಗಿನ ಕಂಬಕ್ಕೂ ಆಳ ಸಾಲದು.

ಪಟ ಕೊಳ್ಳುವವರು ಮೊದಲು ತಮ್ಮ ತೂಕ, ಹಲಗೆ, ಊರಿನ ಗಾಳಿಯ ಏರಿಳಿತ ಇವನ್ನು ನೋಡಲಿ. ಪಟದ ಅಳತೆಯನ್ನು ಆಮೇಲೆ ನಿರ್ಧರಿಸಲಿ.