ಕಾಯಿಲೆಗೆ ಮದ್ದಿದೆ, ಕಳಂಕಕ್ಕೆ?

ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಚೆದುರಿದ ಮೇಲೂ ದೇವಾಲಯದ ಬಾಗಿಲಲ್ಲಿ ಹಿಂದುಳಿದು ನಿಲ್ಲುವ ತಂದೆತಾಯಂದಿರಿದ್ದಾರೆ. "ಫಾದರ್, ಮಗ ವಾರದಿಂದ ಸರಿಯಾಗಿ ನಿದ್ರೆ ಮಾಡಿಲ್ಲ. ಲಾರಿ ಕೊಳ್ಳುತ್ತೇನೆಂದು ಕಂಡಕಂಡವರಲ್ಲಿ ಸಾಲ ಮಾಡಿದ್ದಾನೆ. ದಯಮಾಡಿ ಯಾರಿಗೂ ಹೇಳಬೇಡಿ" ಎಂದು ತಗ್ಗಿದ ದನಿಯಲ್ಲಿ ಬೇಡಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯನ್ನು ಭದ್ರಾವತಿ ಬಸ್ಸಿನಲ್ಲಿ ಪಕ್ಕದವರೊಡನೆ ಹೇಳಿಕೊಳ್ಳುವ ನಾವು ಮನಸ್ಸಿನ ಕಾಯಿಲೆಯನ್ನು ಮಾತ್ರ ಪಿಸುಗುಟ್ಟುತ್ತೇವೆ. "ಯಾರಿಗೂ ಹೇಳಬೇಡಿ" ಎಂಬ ಆ ಮಾತೇ ಈ ವಾರದ ಚಿಂತನೆಗೆ ಕಾರಣ.

ವೈದ್ಯರು ಬೈಪೋಲಾರ್ ಎಂದು ಕರೆಯುವ ಈ ಕಾಯಿಲೆಯಲ್ಲಿ ಉನ್ಮಾದ ಮತ್ತು ಖಿನ್ನತೆಗಳೆಂಬ ಎರಡು ಧ್ರುವಗಳಿವೆ. ಬೆಳಿಗ್ಗೆ ಸಿಟ್ಟು, ಸಂಜೆ ನಗು ಎಂಬುದು ಮನುಷ್ಯಸ್ವಭಾವವೇ ಹೊರತು ಈ ರೋಗವಲ್ಲ. ಉನ್ಮಾದದಲ್ಲಿ ದಿನಗಟ್ಟಲೆ, ವಾರಗಟ್ಟಲೆ ನಿದ್ರೆ ಬೇಕೆನಿಸದು, ಮಾತಿಗೆ ತಡೆಯಿರದು, ಕೈಯಲ್ಲಿ ಹಣ ನಿಲ್ಲದು. ಖಿನ್ನತೆಯಲ್ಲಿ ಹಾಸಿಗೆಯಿಂದ ಏಳುವುದೂ ಬೆಟ್ಟ ಹತ್ತಿದಂತೆ. ಇವೆರಡರ ನಡುವೆ ತಿಂಗಳು, ವರ್ಷಗಳ ಕಾಲ ಅನೇಕರು ದುಡಿದು, ಸಂಸಾರ ಸಾಗಿಸಿ, ಎಲ್ಲರಂತೆಯೇ ಬಾಳುತ್ತಾರೆ. ಆದರೂ 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಈ ಕಾಯಿಲೆಯುಳ್ಳವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಇದು ಪಾಪದ ಫಲ, ದೆವ್ವದ ಕಾಟ, ವಿಶ್ವಾಸದ ಕೊರತೆ ಎಂಬುದು ಮೊದಲ ತಪ್ಪು ಕಲ್ಪನೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ, ಹಾಸಿಗೆ ಬಿಟ್ಟು ಏಳಲಾರದ ತರುಣನೊಬ್ಬನಿಗೆ "ಸೋಮಾರಿತನ ಬಿಡು, ಜಪಮಾಲೆ ಹೇಳು" ಎಂದು ಬುದ್ಧಿ ಹೇಳಿದ್ದೆ. ಅವನು ರೋಗಿಯೆಂದು ತಿಳಿಯುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಪೂರ್ಣ ಅರಿವು, ಪೂರ್ಣ ಸಮ್ಮತಿ ಇಲ್ಲದೆ ಗುರುತರ ಪಾಪವಿಲ್ಲವೆಂದು ಗುರುಮಠದಲ್ಲಿ ಕಲಿತವನೇ ನಾನು. ಆ ಪಾಠ ಅಗತ್ಯವಿದ್ದ ಗಳಿಗೆಯಲ್ಲಿ ನೆನಪಾಗಲಿಲ್ಲ. ಪ್ರವಾದಿ ಎಲೀಯನು ಬಳಲಿ ಸಾವನ್ನೇ ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ದೇಹಕ್ಕೆ ಬೇಕಾದುದು ಮೊದಲು, ಉಪದೇಶ ಆಮೇಲೆ. ಪ್ರಾರ್ಥನೆಯು ಚಿಕಿತ್ಸೆಯ ಜೊತೆಗಾರನೇ ಹೊರತು ಅದರ ಬದಲಿಯಲ್ಲ.

"ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬುದು ಎರಡನೆಯದು. ಮದುವೆಯು ಔಷಧವಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ತಾಳಿ ಕಟ್ಟಿಸಿದರೆ ಎರಡು ಜೀವಗಳಿಗೆ ಅನ್ಯಾಯವಾಗುತ್ತದೆ. ಹಾಗೆಂದು ಈ ಕಾಯಿಲೆಯುಳ್ಳವರು ಮದುವೆಗೆ ಅನರ್ಹರೆನ್ನುವುದೂ ತಪ್ಪು. ಸತ್ಯ ತಿಳಿದು ಒಪ್ಪಿದ ದಾಂಪತ್ಯಗಳು ಚೆನ್ನಾಗಿ ಉಳಿದಿರುವುದನ್ನು ಕಂಡಿದ್ದೇನೆ.

ಮೂರನೆಯದು ಮಾತ್ರೆಯ ಭಯ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಅವರು ಉನ್ಮಾದಕ್ಕೆ ಲಿಥಿಯಂ ಉಪಯುಕ್ತವೆಂದು ಪ್ರಕಟಿಸಿದ್ದು 1949ರಲ್ಲಿ. ಇಂದಿಗೂ ಅದು ಮುಖ್ಯ ಔಷಧಗಳಲ್ಲೊಂದು. ಅದು ಚಟ ಹಿಡಿಸುವ ವಸ್ತುವಲ್ಲ. ಆದರೆ ಕಾಲಕಾಲಕ್ಕೆ ರಕ್ತಪರೀಕ್ಷೆ ಅವಶ್ಯ. ಗುಣವಾಯಿತೆಂದು ತಾವೇ ಮಾತ್ರೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚು.

ಇನ್ನು, ಇಂಥವರೆಲ್ಲ ಹಿಂಸಾಪ್ರವೃತ್ತಿಯವರೆಂಬ ಅಂಜಿಕೆ. ಬಹುಪಾಲು ರೋಗಿಗಳು ಯಾರಿಗೂ ಕೇಡು ಮಾಡುವವರಲ್ಲ. ಅಪಾಯವಿರುವುದು ಹೆಚ್ಚಾಗಿ ಅವರ ಸ್ವಂತ ಜೀವಕ್ಕೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರ ಮಾನಸಿಕ ವ್ಯಾಧಿಯು ಹೊಣೆಯನ್ನು ತಗ್ಗಿಸುತ್ತದೆಂದು ಧರ್ಮಸಭೆಯು ಬೋಧಿಸುತ್ತದೆ. ಧರ್ಮಸಭೆಯೇ ತೀರ್ಪನ್ನು ದೇವರ ಕರುಣೆಗೆ ಬಿಟ್ಟಿರುವಾಗ, ಶವಯಾತ್ರೆಯಲ್ಲಿ ಪಿಸುಗುಟ್ಟುವ ನಾವು ಯಾರು?

ಶಿವಮೊಗ್ಗದವರಿಗೆ ಈ ವಿಷಯ ಹೊಸದಾಗಬಾರದು. 2016ರಲ್ಲಿ ನಿಧನರಾದ ಮನೋವೈದ್ಯ ಡಾ. ಕೆ. ಎ. ಅಶೋಕ್ ಪೈ ಅವರು ಇದೇ ಊರಿನಲ್ಲಿ ರೋಗಿಗಳನ್ನು ನೋಡುತ್ತ, ಲೇಖನ, ಕಥೆ, ಚಲನಚಿತ್ರಗಳ ಮೂಲಕ ಮನಸ್ಸಿನ ಕಾಯಿಲೆಗಳನ್ನು ಕನ್ನಡಿಗರಿಗೆ ಕನ್ನಡದಲ್ಲೇ ತಿಳಿಯಹೇಳಿದವರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ದರ್ಶನಶಾಸ್ತ್ರದ ವಿದ್ಯಾರ್ಥಿಯಾಗಿ ಕಲಿತ ಒಂದು ಮಾತಿದೆ: ಗುಣ ಬೇರೆ, ಗುಣಿ ಬೇರೆ. ಕಾಯಿಲೆಯು ಮನುಷ್ಯನಿಗೆ ಬರುತ್ತದೆ, ಮನುಷ್ಯನೇ ಕಾಯಿಲೆಯಾಗುವುದಿಲ್ಲ. "ಹುಚ್ಚ" ಎಂಬ ಒಂದು ಪದದಿಂದ ನಾವು ಈ ಭೇದವನ್ನು ಅಳಿಸಿಹಾಕುತ್ತೇವೆ. ಜ್ವರ ಬಂದವರ ಮನೆಗೆ ಹಣ್ಣು ಹಿಡಿದು ಹೋಗುವ ನಾವು ಈ ವಾರ ಅಂತಹ ಒಂದು ಮನೆಗೂ ಹೋಗಿಬರೋಣ. ಉಪದೇಶ ಬೇಡ, ಕಾಫಿ ಕುಡಿದು ಬಂದರೂ ಸಾಕು. ಬಾಗಿಲಲ್ಲಿ ನಿಂತ ಆ ತಾಯಿ ಮುಂದಿನ ಭಾನುವಾರ "ಯಾರಿಗೂ ಹೇಳಬೇಡಿ" ಎನ್ನುವ ಅಗತ್ಯವಿಲ್ಲದಂತಾಗಲಿ.