ಗಿಡ್ಡ ಗೋಧಿ: ಲ್ಯಾಬಿನ ಬಾಟಲಿಯಿಂದ ನಮ್ಮ ಕೂರಿಗಿತನಕ

ಟಿಶ್ಯೂ ಕಲ್ಚರ್ ಅಂದ್ರ ನಮ್ಮ ಮಂದಿಗೆ ಜಿ-9 ಬಾಳೆ ಸಸಿ ನೆನಪಾಗ್ತಾವ. ಗೋಧಿಯಲ್ಲೂ ಇದು ನಡೀತೈತಿ, ಆದರೆ ಸಸಿ ಮಾರಾಕಲ್ಲ, ಹೊಸ ತಳಿ ಮಾಡಾಕ. ಹಾಲು ತುಂಬಿದ ಕಾಳಿನಿಂದ ಎಳೆ ಭ್ರೂಣ ತೆಗೆದು, ಸಕ್ಕರೆ, ಲವಣ ಇರೋ ಅಗರ್ ಮ್ಯಾಲೆ ಇಡ್ತಾರ. ಅದಕ್ಕ ಸ್ವಲ್ಪೇ ಸ್ವಲ್ಪ 2,4-ಡಿ. ಹೌದ್ರಿ, ನಾವು ಅಗಲ ಎಲಿ ಕಳೆಗೆ ಹೊಡಿಯೋ ಅದೇ 2,4-ಡಿ! ಆಗ ಭ್ರೂಣ ಗಿಡ ಆಗೂದು ಬಿಟ್ಟು ಗಡ್ಡಿ ಗಡ್ಡಿಯಾಗಿ ಬೆಳಿತೈತಿ. ಇದಕ್ಕ ಕ್ಯಾಲಸ್ ಅಂತಾರ. ಆಮ್ಯಾಲೆ ಅದರಿಂದ ಮತ್ತ ಎಲಿ, ಬೇರು ಒಡೀಬೇಕು. ಎಲ್ಲ ತಳಿಗಳೂ ಒಡಿಯೂದಿಲ್ಲ.

ಇಲ್ಲೇ ಗಿಡ್ಡ ಜೀನಿನ ಕತಿ ಬರೂದು. ಜಪಾನಿನ ನೊರಿನ್ 10 ಗೋಧಿಯ ಎರಡು ಜೀನ್, ಬೋರ್ಲಾಗ್ ಅವರ ಮೆಕ್ಸಿಕೋ ತಳಿಗಳ ಮೂಲಕ 1960ರ ದಶಕದಾಗ ನಮ್ಮ ದೇಶಕ್ಕ ಬಂದವು. ಗೊಬ್ಬರ ಹಾಕಿದರೂ ಮಲಗದ ಗೋಧಿ ಕೊಟ್ಟದ್ದು ಅವೇ. ಅವು ಮಾಡೂದು ಇಷ್ಟ: ಜಿಬ್ಬರೆಲಿನ್ ಅನ್ನೋ ಬೆಳವಣಿಗೆ ರಸದ ಮಾತಿಗೆ ಗಿಡ ಕಿವುಡಾಗ್ತೈತಿ. ವಿಜಯಪುರದ ದ್ರಾಕ್ಷಿಯವರು ಗೊನೆ ಅದ್ದೋ ಜಿ.ಎ. ಇದೇ. ಈ ಕಿವುಡುತನ ಬರೀ ಕಾಂಡದ್ದಲ್ಲ. ಗಿಡ್ಡ ಜೀನ್ ಬಿಟ್ಟು ಉಳಿದದ್ದೆಲ್ಲ ಹೆಚ್ಚೂಕಡಿಮಿ ಒಂದೇ ಇರೋ ಗೋಧಿ ಸಾಲುಗಳನ್ನ ಬಾಟಲಿಯೊಳಗ ಬೆಳೆಸಿ ನೋಡಿದಾಗ ಕ್ಯಾಲಸ್ ಬೆಳೆಯೋ ರೀತಿನೇ ಬ್ಯಾರೆ ಬಂತು. ಕಾಂಡವೇ ಇಲ್ಲದ ಗಡ್ಡಿಯಾಗೂ ಗಿಡ್ಡ ಜೀನ್ ಕೈ ಆಡಿಸಿತ್ತು. ಭ್ರೂಣದ ವಯಸ್ಸು, ತಾಯಿಗಿಡ ಬೆಳೆದ ಹವಾ, ಬ್ಯಾರೆ ಜೀನುಗಳೂ ಲೆಕ್ಕಕ್ಕ ಬರ್ತಾವ, ಎಲ್ಲಾ ಇದರ ತಲಿಗೇ ಕಟ್ಟಬ್ಯಾಡ್ರಿ.

ಇದು ನಮಗ್ಯಾಕ ಅಂತೀರಿ. ಲ್ಯಾಬಿನವರು ಸುಲಭ ಚಿಗಿಯೋ ತಳಿ ಹಿಡಿತಾರ. ಬಾಬ್‌ವೈಟ್, ಫೀಲ್ಡರ್ ಅನ್ನೋ ಹೆಸರು ಗೋಧಿ ಲ್ಯಾಬುಗಳಾಗ ಮತ್ತ ಮತ್ತ ಕೇಳಿ ಬರೂದು ಅದಕ್ಕೇ. ಬಾಟಲಿಯಾಗ ಚಲೋ ಇದ್ದದ್ದು ಎರಿ ಹೊಲದಾಗ ಚಲೋ ಇರಬೇಕಂತೇನಿಲ್ಲ. ಹಿಂಗಾರಿಗೆ ನಾವು ಹಸಿ ಹುಡುಕಿ ಕೂರಿಗಿ ಆಳಕ್ಕ ಇಳಸ್ತೀವಿ. ನೊರಿನ್ ಜೀನ್ ಕಾಂಡದ ಜೋಡಿ, ಮಣ್ಣು ಸೀಳಿ ಬರೋ ಮೊದಲ ಮೊಳಕಿ ಕೊಳವಿಯನ್ನೂ ಗಿಡ್ಡ ಮಾಡ್ತೈತಿ. 4 ಇಂಚು ಆಳಕ್ಕ ಬಿದ್ದ ಕಾಳಿನ ಕೊಳವಿ ಅರ್ಧಕ್ಕೇ ನಿಂತು, ಒಳಗಿನ ಎಲಿ ಮಣ್ಣಾಗೇ ಮಡಚಿಕೊಂತೈತಿ. ನೀರಾವರಿಯವರಿಗೆ ಈ ಚಿಂತಿಲ್ಲ, ಮ್ಯಾಲ ಬಿತ್ತಿ ನೀರು ಬಿಡ್ತಾರ.

ಹಂಗಂತ ಎತ್ತರದ ಗೋಧಿಗೇ ವಾಪಸ್ ಹೋಗ್ರಿ ಅನ್ನೂದಿಲ್ಲ. ಬ್ಯಾರೆ ಗಿಡ್ಡ ಜೀನುಗಳೂ ಅದಾವ. ಅಕಾಕೊಮುಗಿ ಅನ್ನೋ ಇನ್ನೊಂದು ಜಪಾನಿ ಗೋಧಿಯಿಂದ ಇಟಲಿಯ ಸ್ಟ್ರಾಂಪೆಲ್ಲಿ ತಮ್ಮ ತಳಿಗಳಿಗೆ ತಂದ ಆರ್‌ಎಚ್‌ಟಿ-8 ಅಂಥದ್ದು. ಗಿಡ ಕುಳ್ಳ ಆಗ್ತೈತಿ, ಕೊಳವಿ ಹಂಗ ಕುಗ್ಗೂದಿಲ್ಲ. ಒಣಬೇಸಾಯದ ತಳಿ ಮಾಡೋರು ಲ್ಯಾಬಿನ ಅನುಕೂಲ ನೋಡೋ ಮೊದಲು ಇಂಥ ಜೀನುಗಳ ಮ್ಯಾಲೆ ಕೂಡ್ರಬೇಕು ಅನ್ನೂದು ನನ್ನ ವಾದ.

ಧಾರವಾಡ ಕೃಷಿ ಮೇಳದಾಗ ಇಳುವರಿ ಕೇಳಿದ ಮ್ಯಾಲೆ, ಕಾಳು ಎಷ್ಟು ಆಳದಿಂದ ಎದ್ದು ಬರ್ತೈತಿ ಅಂತಾನೂ ಕೇಳ್ರಿ. ಮನಿಯಾಗ 20 ಕಾಳು ಹಸಿ ಬಟ್ಟಿಯಾಗ ಸುತ್ತಿ ಕತ್ತಲಾಗ ಇಟ್ಟು, ಹತ್ತು ದಿನಕ್ಕ ಬಿಳಿ ಕೊಳವಿ ಅಳೀರಿ. ಅದು ನಿಮ್ಮ ಕೂರಿಗಿ ಇಳಿಯೋ ಆಳಕ್ಕಿಂತ ಕಡಿಮಿ ಇದ್ದರ, ಆ ಬೀಜ ಒಣ ಹೊಲಕ್ಕ ಬ್ಯಾಡ.